ನಮ್ಮ ಮನೆಗಳ ಕೈಬರಹದ ಹಾಡಿನ ಪುಸ್ತಕಗಳು

ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ ದೇವರ ಗೂಡಿನ ಪಕ್ಕದಲ್ಲಿಯೋ, ಅಟ್ಟದ ಮೇಲಿನ ಟ್ರಂಕಿನಲ್ಲಿಯೋ, ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಪುಸ್ತಕ ಇರುವುದುಂಟು. ಅದಕ್ಕೆ ಹೆಸರಿಲ್ಲ, ಅಚ್ಚು ಮಾಡಿದವರ ಗುರುತಿಲ್ಲ. ಮನೆಯವರು ಅದನ್ನು ‘ಹಾಡಿನ ಪುಸ್ತಕ’ ಎನ್ನುತ್ತಾರೆ, ಅಷ್ಟೇ. ಅದರಲ್ಲಿ ದಾಸರ ಪದಗಳಿರಬಹುದು, ತತ್ತ್ವಪದಗಳಿರಬಹುದು, ಮದುವೆ ಸೋಬಾನೆಯ ಹಾಡುಗಳಿರಬಹುದು. ಕೆಲವು ಮನೆಗಳಲ್ಲಿ ಬಯಲಾಟದ ಪದ, ಇನ್ನು ಕೆಲವು ಮನೆಗಳಲ್ಲಿ ಮೊಹರಂ ಪದ. ಮನೆಯ ಹಿರಿಯರು ಕೇಳಿ ಕಲಿತದ್ದನ್ನು, ಇನ್ನೊಬ್ಬರ ಪುಸ್ತಕ ನೋಡಿ ಇಳಿಸಿಕೊಂಡದ್ದನ್ನು ತಮ್ಮ ಕೈಯಾರೆ ಬರೆದಿಟ್ಟ ಗಂಟು ಅದು.

ಇಂಥ ಪುಸ್ತಕವನ್ನು ಹೇಗೆ ಓದಬೇಕು, ಅದರ ಕಾಲವನ್ನು ಹೇಗೆ ತಿಳಿಯಬೇಕು, ಓದುವಾಗ ಯಾವ ತಪ್ಪು ಮಾಡಬಾರದು ಎಂಬುದನ್ನು ಈ ಪಾಠದಲ್ಲಿ ವಿವರಿಸುತ್ತೇವೆ. ನಾವು ಈ ಕೆಲಸದಲ್ಲಿ ಪಂಡಿತರಲ್ಲ. ಒಂದು ಪುಸ್ತಕವನ್ನು ಕೈಯಲ್ಲಿ ಹಿಡಿದು ಎಡವುತ್ತ ಕಲಿತವರು. ನಾವು ಎಡವಿದ ಜಾಗಗಳನ್ನು ಹೇಳಿದರೆ ಮುಂದಿನವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇವೆ.

ಸೀಮೆಯ ಹಿನ್ನೆಲೆ

ಆದವಾನಿ, ಅಂದರೆ ಇಂದಿನ ಆದೋನಿ, ಕನ್ನಡದ ಹಾಡಿಗೆ ಹೊರಗಿನ ಊರಲ್ಲ. ದಾಸಸಾಹಿತ್ಯದಲ್ಲಿ ಪುರಂದರದಾಸರ ನಂತರ ದೊಡ್ಡ ಹೆಸರಾದ ವಿಜಯದಾಸರು (1682–1755) ತುಂಗಭದ್ರೆಯ ಆಚೆ ದಡದ ಚೀಕಲಪರ್ವಿಯಲ್ಲಿ ಹುಟ್ಟಿ, ನಮ್ಮ ಕರ್ನೂಲು ಜಿಲ್ಲೆಯ ಚಿಪ್ಪಗಿರಿಯಲ್ಲಿ ದೇಹವಿಟ್ಟರು. ಕಾರ್ತಿಕ ಶುದ್ಧ ದಶಮಿಯಂದು ಅಲ್ಲಿ ಅವರ ಆರಾಧನೆ ನಡೆಯುತ್ತದೆ. ಅವರ ಶಿಷ್ಯರು ಗೋಪಾಲದಾಸರು. ಗೋಪಾಲದಾಸರ ಶಿಷ್ಯರು ಮಾನವಿಯ ಜಗನ್ನಾಥದಾಸರು (1728–1809). ಆಮೇಲೆ ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಕೋಸಿಗಿಯಲ್ಲಿಯೇ ಗುರುಜಗನ್ನಾಥದಾಸರಿದ್ದರು. ಮಂತ್ರಾಲಯವಂತೂ ಎಲ್ಲರಿಗೂ ಗೊತ್ತಿರುವ ಕ್ಷೇತ್ರ.

ಈ ಊರುಗಳೆಲ್ಲ ಒಂದಕ್ಕೊಂದು ಹತ್ತಿರ. ಆದರೆ ಆಡಳಿತದ ಗೆರೆಗಳು ಅವುಗಳ ನಡುವೆ ಹಾದು ಹೋಗಿದ್ದವು. 1800ರಲ್ಲಿ ನಿಜಾಮರು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಹೊಳೆಯ ಈಚೆ ದಡ ಮದರಾಸು ಪ್ರಾಂತಕ್ಕೆ ಸೇರಿತು. ಆಚೆಯ ರಾಯಚೂರು ಕಡೆ 1948ರವರೆಗೂ ನಿಜಾಮರ ರಾಜ್ಯದಲ್ಲಿತ್ತು. ಆದವಾನಿ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಬಂದವು. ಉಳಿದ ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಗೆರೆಗಳು ಎಷ್ಟು ಬದಲಾದರೂ ಹಾಡುಗಳು ಮದುವೆಯಾಗಿ ಬಂದ ಹೆಣ್ಣುಮಕ್ಕಳ ಜೊತೆ, ಆರಾಧನೆಗೆ ಹೋದ ಭಜನೆಯವರ ಜೊತೆ ಹೊಳೆ ದಾಟುತ್ತಲೇ ಇದ್ದವು. ಹಾಡಿನ ಪುಸ್ತಕಗಳು ಈ ಓಡಾಟದ ಸಾಕ್ಷಿಗಳು.

ನಾವು ಕಂಡ ಪುಸ್ತಕ

ನಮ್ಮ ಪಕ್ಕದ ಓಣಿಯ ಒಂದು ಮನೆಯಲ್ಲಿ ಇಂಥ ಮೂರು ಪುಸ್ತಕಗಳಿದ್ದವು. ಮನೆಗೆ ಸುಣ್ಣ ಹೊಡೆಯುವಾಗ ಎರಡು ಪುಸ್ತಕಗಳು ಹಳೆಯ ಕಾಗದದ ಜೊತೆ ತೂಕಕ್ಕೆ ಹೋಗಿಬಿಟ್ಟವು. ಉಳಿದ ಒಂದನ್ನು ಮನೆಯ ಅಜ್ಜಿ ತಮ್ಮ ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದರಿಂದ ಅದು ಉಳಿಯಿತು. ಮನೆಯವರು ಅದನ್ನು ಮಾರಿದ್ದು ತಾತ್ಸಾರದಿಂದಲ್ಲ. ಮೊಮ್ಮಕ್ಕಳಿಗೆ ಅದರ ಅಕ್ಷರ ತಿಳಿಯುತ್ತಿರಲಿಲ್ಲ. ತಿಳಿಯದ ಅಕ್ಷರ ಬರಿಯ ಗೀರು. ಆ ಅಜ್ಜಿಯ ಅನುಮತಿ ಪಡೆದು, ಅವರ ಮನೆಯ ಪಡಸಾಲೆಯಲ್ಲಿಯೇ ಕುಳಿತು, ರಜೆಯ ದಿನಗಳಲ್ಲಿ ನಾವು ಆ ಪುಸ್ತಕವನ್ನು ಓದಿದೆವು.

ಪುಸ್ತಕದ ಮೊದಲರ್ಧ ಕನ್ನಡ ಲಿಪಿಯಲ್ಲಿದೆ. ಉತ್ತರಾರ್ಧ ತೆಲುಗು ಲಿಪಿಯಲ್ಲಿದೆ. ಆದರೆ ಎರಡೂ ಭಾಗದ ಭಾಷೆ ಕನ್ನಡವೇ! ಮೊದಲನೆಯದು ಅಜ್ಜಿಯ ಅತ್ತೆಯವರ ಕೈ, ಎರಡನೆಯದು ಅಜ್ಜಿಯದೇ ಕೈ. ಅತ್ತೆ ಕನ್ನಡ ಅಕ್ಷರ ಕಲಿತವರು; ಸೊಸೆ ತೆಲುಗು ಶಾಲೆಯಲ್ಲಿ ಓದಿದವರು. ಹಾಡಿದ್ದು ಇಬ್ಬರೂ ಒಂದೇ ಹಾಡನ್ನು.

ಕಾಲವನ್ನು ತಿಳಿಯುವ ಬಗೆ

ಮೊದಲು ಎಲ್ಲರೂ ಕೇಳುವ ಪ್ರಶ್ನೆ, ಪುಸ್ತಕ ಎಷ್ಟು ಹಳೆಯದು ಎಂದು. ಇದಕ್ಕೆ ಪುಸ್ತಕದ ಕೊನೆಯ ಹಾಳೆಯನ್ನು ನೋಡಬೇಕು. ಬರೆದವರು ಅಲ್ಲಿ ಸಂವತ್ಸರ, ಮಾಸ, ತಿಥಿ ಹೇಳಿ, ಕೈತಪ್ಪನ್ನು ಬಲ್ಲವರು ಮನ್ನಿಸಬೇಕೆಂದು ಬೇಡಿಕೊಳ್ಳುವುದು ಹಳೆಯ ವಾಡಿಕೆ. ಶಾಲಿವಾಹನ ಶಕವನ್ನು ಕೊಟ್ಟಿದ್ದರೆ ಲೆಕ್ಕ ಸುಲಭ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ. ಜನವರಿಯಿಂದ ಯುಗಾದಿಯವರೆಗಿನ ತಿಥಿಯಾದರೆ 79 ಕೂಡಿಸಬೇಕು.

ಸಂವತ್ಸರದ ಹೆಸರನ್ನು ತಾಳೆ ನೋಡಲೂ ಒಂದು ಉಪಾಯವಿದೆ. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿರಿ. ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಶೇಷ ಉಳಿಯದಿದ್ದರೆ ಅದು ಅರುವತ್ತನೆಯದು. ವಿಜಯದಾಸರು ತೀರಿಕೊಂಡ 1755ನೆಯ ಇಸವಿ ಶಕ 1677. ಅದಕ್ಕೆ 12 ಕೂಡಿಸಿದರೆ 1689. 60ರಿಂದ ಭಾಗಿಸಿದರೆ ಶೇಷ 9. ಒಂಬತ್ತನೆಯ ಸಂವತ್ಸರ ಯುವ. ಅವರು ಯುವ ಸಂವತ್ಸರದಲ್ಲಿ ತೀರಿಕೊಂಡರೆಂಬ ಮಾತಿಗೂ ಲೆಕ್ಕಕ್ಕೂ ಸರಿಹೋಯಿತು.

ನಾವು ಕಂಡ ಪುಸ್ತಕದ ಕನ್ನಡ ಭಾಗದ ಕೊನೆಯಲ್ಲಿ ಶಕವರ್ಷವಿರಲಿಲ್ಲ. ‘ಧಾತು ಸಂವತ್ಸರ ಶ್ರಾವಣ’ ಎಂದಷ್ಟೇ ಇತ್ತು. ನಮಗೆ ಮೈ ಜುಮ್ಮೆಂದಿತು. ಧಾತು ಎಂದರೆ 1876. ನಮ್ಮ ಸೀಮೆಯ ಹಿರಿಯರು ಇಂದಿಗೂ ‘ಧಾತು ಬರ’ ಎಂದು ಹೇಳುವ ಮಹಾಕ್ಷಾಮ ಮೊದಲಾದ ವರ್ಷ! ಆ ಬರದಲ್ಲಿ ಕುಳಿತು ಒಬ್ಬ ತಾಯಿ ಹಾಡು ಬರೆದಿಟ್ಟಳೆಂದು ನಾವು ಕಥೆಯನ್ನೇ ಕಟ್ಟಿಕೊಂಡೆವು.

ಆದರೆ ಸಂವತ್ಸರ ಅರುವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. 1876ರ ನಂತರದ ಧಾತು 1936ರಲ್ಲಿ ಬಂತು. ಎರಡರಲ್ಲಿ ಯಾವುದು? ಇದಕ್ಕೆ ಉತ್ತರವನ್ನು ಅಕ್ಷರ ಹೇಳಲಾರದು, ಕಾಗದ ಹೇಳುತ್ತದೆ. ಪುಸ್ತಕವನ್ನು ತಿರುವಿ ನೋಡಿದೆವು. ಹಾಳೆಗಳಿಗೆ ಯಂತ್ರದಿಂದ ಹಾಕಿದ ಸಮನಾದ ಗೆರೆಗಳಿವೆ, ಬೆನ್ನಿಗೆ ತಂತಿಯ ಹೊಲಿಗೆಯಿದೆ, ರಟ್ಟಿನ ಹಿಂಬದಿಯಲ್ಲಿ ಮಗ್ಗಿಯ ಕೋಷ್ಟಕ ಅಚ್ಚಾಗಿದೆ. ಅದು ಶಾಲೆಯ ಮಕ್ಕಳ ನೋಟುಬುಕ್ಕು. ಅಲ್ಲದೆ ಅಜ್ಜಿಯ ಅತ್ತೆಯವರು 1876ರಲ್ಲಿ ಹುಟ್ಟಿಯೇ ಇರಲಿಲ್ಲ. ಆದುದರಿಂದ ಅದು 1936ರದೆಂದು ಒಪ್ಪಿಕೊಂಡೆವು. ಅರುವತ್ತು ವರ್ಷ ಕಡಿಮೆಯಾಯಿತೆಂದು ಬೇಸರಪಟ್ಟುಕೊಳ್ಳಬೇಕಾಗಿಲ್ಲ. ನಮ್ಮ ಸರ್ಕಾರ 2003ರಲ್ಲಿ ಆರಂಭಿಸಿದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಕನಿಷ್ಠ 75 ವರ್ಷ ಹಳೆಯದಾದ ಕೈಬರಹವನ್ನು ಹಸ್ತಪ್ರತಿಯೆಂದು ಗಣಿಸಿತು. ಆ ಲೆಕ್ಕದಲ್ಲಿ ತಲೆದಿಂಬಿನ ಕೆಳಗಿನ ಈ ನೋಟುಬುಕ್ಕೂ ಒಂದು ಹಸ್ತಪ್ರತಿಯೇ.

ಬರೆದ ವಸ್ತುವಿನಿಂದ ಕಾಲವನ್ನು ಊಹಿಸಲು ಇಷ್ಟನ್ನು ನೆನಪಿಡಬೇಕು. ಎಲ್ಲಕ್ಕಿಂತ ಹಳೆಯ ಬಗೆ ತಾಳೆಗರಿ. ಅದರ ಮೇಲೆ ಕಂಠದಿಂದ ಅಕ್ಷರ ಕೊರೆದು ಕಾಡಿಗೆ ಒರೆಸುತ್ತಿದ್ದರು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲಿನ ಕರಿಯನ್ನೂ ಬಳಿದು, ಮಡಿಕೆ ಮಾಡಿ, ಬಳಪದಿಂದ ಬರೆಯುತ್ತಿದ್ದುದು ಕಡತ. ಕೈಕಾಗದದ ಮೇಲೆ ಬಿದಿರು ಅಥವಾ ಜೊಂಡಿನ ಲೆಕ್ಕಣಿಕೆಯಿಂದ ಬರೆದ ಪುಸ್ತಕಗಳು ನಂತರದವು. ಗೆರೆ ಹಾಕಿದ ಗಿರಣಿ ಕಾಗದ, ಉಕ್ಕಿನ ಮುಳ್ಳಿನ ಪೆನ್ನು, ಮಸಿಪೆನ್ಸಿಲು ಇವು ಇನ್ನೂ ಈಚಿನವು.

ಅಕ್ಷರ ಓದುವ ಬಗೆ

ಹಳೆಯ ಕೈಬರಹ ಇಂದಿನ ಪಠ್ಯಪುಸ್ತಕದ ಕಾಗುಣಿತವನ್ನು ಅನುಸರಿಸುವುದಿಲ್ಲ. ಮುಖ್ಯವಾದ ನಾಲ್ಕು ವ್ಯತ್ಯಾಸಗಳನ್ನು ತಿಳಿದಿದ್ದರೆ ಅರ್ಧ ಕಷ್ಟ ಕಳೆಯುತ್ತದೆ.

ಒಂದು: ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಹಳೆಯ ಬರವಣಿಗೆಯಲ್ಲಿ ಭೇದ ತೋರಿಸುವುದು ಕಡಿಮೆ. ‘ಕೊಡು’ ಎಂದು ಬರೆದಿದ್ದರೆ ಅದು ದಾನ ಕೊಡುವ ಕೊಡುವೋ, ಹಸುವಿನ ಕೋಡೋ ಎಂಬುದನ್ನು ಸಂದರ್ಭದಿಂದಲೂ ತಾಳದ ಮಾತ್ರೆಯಿಂದಲೂ ನಿರ್ಧರಿಸಬೇಕು.

ಎರಡು: ಮಹಾಪ್ರಾಣದ ಸೀಳನ್ನು ಬರೆಯುವವರು ಹಲವು ಸಲ ಬಿಟ್ಟುಬಿಡುತ್ತಾರೆ. ‘ಬವ’ ಎಂದಿದ್ದರೆ ‘ಭವ’ ಇರಬಹುದು. ‘ದನ’ ಎಂದಿದ್ದರೆ ‘ಧನ’ ಇರಬಹುದು.

ಮೂರು: ರೇಫದ ಮುಂದಿನ ವ್ಯಂಜನವನ್ನು ಇಮ್ಮಡಿಸುವುದು ಶಾಸನಗಳ ಕಾಲದಿಂದ ಬಂದ ರೂಢಿ. ‘ಧರ್ಮ್ಮ’, ‘ಸರ್ವ್ವ’ ಎಂಬಂಥ ರೂಪಗಳು ತಪ್ಪಲ್ಲ.

ನಾಲ್ಕು: ಪದದ ಆದಿಯ ಎಕಾರವನ್ನು ‘ಯೆ’ ಎಂದೂ ಒಕಾರವನ್ನು ‘ವೊ’ ಎಂದೂ ಬರೆಯುತ್ತಾರೆ. ‘ಯೆಲ್ಲ’, ‘ವೊಂದು’ ಎಂದು ಕಂಡರೆ ಗಾಬರಿಯಾಗಬಾರದು. ಬಾಯಲ್ಲಿ ಆಡುವಂತೆಯೇ ಕೈ ಬರೆದಿದೆ.

ಪ್ರಾಸವೂ ಅಂಕಿತವೂ

ಹಾಳೆ ಹರಿದಿದ್ದರೆ, ಹುಳು ತಿಂದಿದ್ದರೆ, ಎಣ್ಣೆ ಬಿದ್ದು ಅಕ್ಷರ ಅಳಿಸಿದ್ದರೆ ಏನು ಮಾಡುವುದು? ಇಲ್ಲಿ ಹಾಡಿನ ಕಟ್ಟೇ ನಮಗೆ ಸಹಾಯಕ್ಕೆ ಬರುತ್ತದೆ. ಪದಗಳಲ್ಲಿ ಬಹುಮಟ್ಟಿಗೆ ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರುತ್ತದೆ. ಇದಕ್ಕೆ ಆದಿಪ್ರಾಸವೆನ್ನುತ್ತಾರೆ. ಒಂದು ನುಡಿಯ ಸಾಲುಗಳು ‘ಸದನ’, ‘ಮುದದಿ’, ‘ಹದನ’ ಎಂದು ಮೊದಲಾಗಿ, ನಾಲ್ಕನೆಯ ಸಾಲಿನಲ್ಲಿ ‘ಕ’ ಮತ್ತು ‘ನ’ ಅಕ್ಷರಗಳ ನಡುವೆ ತೂತು ಬಿದ್ದಿದೆ ಎಂದಿಟ್ಟುಕೊಳ್ಳಿ. ಅಲ್ಲಿದ್ದುದು ದಕಾರ, ಪದ ‘ಕದನ’ ಎಂದು ಧೈರ್ಯವಾಗಿ ಹೇಳಬಹುದು. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಈ ಪ್ರಾಸ ಒಂದೇ ಬಗೆಯದು.

ಎರಡನೆಯ ಸಹಾಯ ಅಂಕಿತ. ದಾಸರು ತಮ್ಮ ಹೆಸರನ್ನು ನೇರವಾಗಿ ಹೇಳದೆ ದೇವರ ಹೆಸರಿನ ಮುದ್ರೆಯನ್ನು ಪದದ ಕೊನೆಯಲ್ಲಿ ಇಡುತ್ತಾರೆ. ವಿಜಯದಾಸರದು ವಿಜಯವಿಠಲ, ಗೋಪಾಲದಾಸರದು ಗೋಪಾಲವಿಠಲ, ಜಗನ್ನಾಥದಾಸರದು ಜಗನ್ನಾಥವಿಠಲ. ಸುಳಾದಿಗಳಲ್ಲಿ ಅಂಕಿತ ಒಂದೊಂದು ನುಡಿಯ ಕೊನೆಗೂ ಬರುತ್ತದೆ. ಸುಳಾದಿಯೆಂದರೆ ಧ್ರುವ, ಮಟ್ಟ, ರೂಪಕ, ಝಂಪೆ, ತ್ರಿವಿಡಿ, ಅಟ್ಟ, ಏಕ ಮುಂತಾದ ಬೇರೆ ಬೇರೆ ತಾಳಗಳ ನುಡಿಗಳನ್ನು ಪೋಣಿಸಿ, ಕೊನೆಗೆ ಎರಡು ಸಾಲಿನ ಜತೆಯಿಂದ ಮುಗಿಸುವ ರಚನೆ. ಬಿಡುವಿಲ್ಲದೆ ಒತ್ತಾಗಿ ಬರೆದ ಪುಟದಲ್ಲಿಯೂ ಅಂಕಿತಗಳನ್ನು ಎಣಿಸಿದರೆ ನುಡಿಗಳೆಷ್ಟೆಂದು ತಿಳಿಯುತ್ತದೆ.

ಅಂಕಿತವನ್ನು ಅವಸರದಲ್ಲಿ ಓದಿದರೆ ಆಗುವ ಅನರ್ಥಕ್ಕೆ ನಮ್ಮದೇ ಉದಾಹರಣೆ ಕೊಡುತ್ತೇವೆ. ಒಂದು ಪದದ ಕೊನೆಯಲ್ಲಿ ‘ಜಗನ್ನಾಥವಿಠಲ’ ಎಂದು ಕಂಡ ಕೂಡಲೇ ನಾವು ಶುದ್ಧಪ್ರತಿಯಲ್ಲಿ ‘ಮಾನವಿಯ ಜಗನ್ನಾಥದಾಸರ ಪದ’ ಎಂದು ತಲೆಬರಹ ಹಾಕಿಬಿಟ್ಟೆವು. ಮೂರು ದಿನಗಳ ನಂತರ ಅದೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ, ಸವೆದ ಅಂಚಿನಲ್ಲಿ ಆ ಪದಕ್ಕೆ ಮೊದಲು ಎರಡು ಅಕ್ಷರಗಳ ನೆರಳು ಕಂಡಿತು. ಅವು ‘ಗುರು’. ಪದ ‘ಗುರುಜಗನ್ನಾಥವಿಠಲ’, ಅಂದರೆ ಕೋಸಿಗಿಯ ದಾಸರದು! ಎರಡು ಅಕ್ಷರ ಬಿಟ್ಟುದರಿಂದ ನಾವು ನಮ್ಮದೇ ನೆರೆಯೂರಿನವರ ಪದವನ್ನು ನೂರು ವರ್ಷ ಹಿಂದಿನವರ ಹೆಸರಿಗೆ ಬರೆದಿದ್ದೆವು. ಇಂಥ ತಪ್ಪು ಒಮ್ಮೆ ಪ್ರತಿಯಿಂದ ಪ್ರತಿಗೆ ಹರಡಿದರೆ ಅದನ್ನು ತಿದ್ದುವುದು ಬಹಳ ಕಷ್ಟ.

ತಿದ್ದಬಾರದು

ಇನ್ನೊಂದು ತಪ್ಪನ್ನು ಹೇಳಿಕೊಳ್ಳಲು ನಮಗೆ ನಾಚಿಕೆಯಿದೆ. ಆದರೂ ಹೇಳಬೇಕು. ಶುದ್ಧಪ್ರತಿ ಮಾಡುವಾಗ ‘ವೊಲಿದು’ ಎಂದಿದ್ದುದನ್ನು ‘ಒಲಿದು’ ಎಂದೂ, ‘ತ್ರಿವಿಡಿ’ ಎಂದಿದ್ದುದನ್ನು ಸಂಗೀತ ಪುಸ್ತಕದಲ್ಲಿರುವಂತೆ ‘ತ್ರಿಪುಟ’ ಎಂದೂ ತಿದ್ದಿದೆವು. ಅಚ್ಚಿನ ಪುಸ್ತಕಕ್ಕೆ ಹೋಲಿಸಿ ಬೇರೆಯಾಗಿದ್ದ ಕಡೆಯಲ್ಲೆಲ್ಲ ಅಚ್ಚಿನಂತೆ ಮಾಡಿದೆವು. ಅದನ್ನು ಅಜ್ಜಿಗೆ ಓದಿ ಹೇಳಿದಾಗ ಅವರು ಸುಮ್ಮನೆ ಕೇಳಿ, ‘ಇದು ಚೆನ್ನಾಗಿದೆ, ಆದರೆ ನಮ್ಮತ್ತೆಯ ಹಾಡು ಇದಲ್ಲ’ ಎಂದರು.

ಆ ಮಾತು ನಮಗೆ ಪಾಠವಾಯಿತು. ಹಾಡಿನ ಪುಸ್ತಕದಿಂದ ನಾವು ಕಲಿಯಬೇಕಾದದ್ದು ಹಾಡನ್ನು ಮಾತ್ರವಲ್ಲ. ಈ ಊರಿನಲ್ಲಿ, ಈ ಬಾಯಿಯಲ್ಲಿ ಅದು ಹೇಗಿತ್ತು ಎಂಬುದನ್ನು. ತಿದ್ದಿದರೆ ಅದು ಎಲ್ಲ ಕಡೆಯೂ ಇರುವ ಇನ್ನೊಂದು ಪ್ರತಿಯಾಗುತ್ತದೆ. ಆ ಮನೆಯ ದನಿ ಹೋಗುತ್ತದೆ. ನಮ್ಮ ಪ್ರತಿಯನ್ನು ಹರಿದು ಮೊದಲಿನಿಂದ ಬರೆದೆವು. ಎಡಪುಟದಲ್ಲಿ ಇದ್ದುದನ್ನು ಇದ್ದಂತೆ, ಬಲಪುಟದಲ್ಲಿ ನಮ್ಮ ಊಹೆಯನ್ನು. ಓದಲಾಗದ ಅಕ್ಷರಕ್ಕೆ ಒಂದು ಚುಕ್ಕೆ. ಊಹೆಯಿಂದ ತುಂಬಿದ ಅಕ್ಷರಕ್ಕೆ ಕಂಸ.

ಅಚ್ಚಿನ ಪುಸ್ತಕ ಇರುವಾಗ ಕೈಬರಹ ಏಕೆ ಎಂದು ಕೆಲವರು ಕೇಳುತ್ತಾರೆ. ಅಚ್ಚು ಹುಟ್ಟಿದ್ದೇ ಕೈಬರಹದಿಂದ. ಹೆರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿ 1850ರಲ್ಲಿ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದ. ಆಮೇಲೆ ಉಡುಪಿಯ ಪಾವಂಜೆ ಗುರುರಾಯರು, ಲಿಂಗಸುಗೂರಿನ ಗೋರೆಬಾಳ ಹನುಮಂತರಾಯರು ಮೊದಲಾದವರು ಹಸ್ತಪ್ರತಿಗಳನ್ನು ಕೂಡಿಸಿ ಸಂಪುಟಗಳನ್ನು ಹೊರತಂದರು. ಅವರ ಕೈಗೆ ಸಿಗದ ಪುಸ್ತಕಗಳಲ್ಲಿ ಇನ್ನೂ ಏನಿದೆಯೆಂದು ಓದಿ ನೋಡಿದ ಹೊರತು ತಿಳಿಯದು. ಇದು ನಮ್ಮ ನಾಡಿನ ಮಾತು ಮಾತ್ರವಲ್ಲ. ಪೂರ್ವ ಯುರೋಪಿನ ಕಾರ್ಪೇಥಿಯನ್ ಬೆಟ್ಟಸೀಮೆಯ ಹಳ್ಳಿಗಳಲ್ಲಿ ಇಗರ್ಜಿಯ ಹಾಡುಗಾರರು ಸಿರಿಲಿಕ್ ಲಿಪಿಯಲ್ಲಿ ಕೈಯಾರೆ ಹಾಡಿನ ಪುಸ್ತಕ ಬರೆದುಕೊಳ್ಳುತ್ತಿದ್ದರು. ಪೊಚಾಯಿವ್ ಎಂಬ ಮಠದಲ್ಲಿ 1790–91ರಲ್ಲಿ ಅಂಥ ಹಾಡುಗಳ ದೊಡ್ಡ ಸಂಗ್ರಹ ಅಚ್ಚಾಯಿತು. ಅದಾದ ಮೇಲೂ ಜನ ಬರೆದುಕೊಳ್ಳುವುದನ್ನು ಬಿಡಲಿಲ್ಲ. ಅಲ್ಲಿಯ ವಿದ್ವಾಂಸರು ಇಂದಿಗೂ ಆ ಕೈಬರಹಗಳಿಂದ ಹಳ್ಳಿಯ ಮಾತಿನ ರೂಪಗಳನ್ನು ಹೆಕ್ಕುತ್ತಾರೆ.

ಎರಡು ಲಿಪಿಯ ವಿಚಾರ

ಈಗ ಪುಸ್ತಕದ ಉತ್ತರಾರ್ಧಕ್ಕೆ ಬರೋಣ. ತೆಲುಗು ಲಿಪಿಯೂ ಕನ್ನಡ ಲಿಪಿಯೂ ಒಂದೇ ಹಳೆಯ ಲಿಪಿಯಿಂದ ಕವಲೊಡೆದವು. ಇ, ಬ, ಜ, ರ ಮುಂತಾದ ಅಕ್ಷರಗಳು ಇಂದಿಗೂ ಹೆಚ್ಚುಕಡಿಮೆ ಒಂದೇ. ಕ, ತ, ಶ ಇವುಗಳಲ್ಲಿ ಭೇದ ಎದ್ದು ಕಾಣುತ್ತದೆ. ತಲೆಕಟ್ಟು ಕನ್ನಡದಲ್ಲಿ ಅಡ್ಡಗೆರೆಯಂತೆ ಬಾಗಿದರೆ, ತೆಲುಗಿನಲ್ಲಿ ಮೇಲಕ್ಕೆ ಚಿಮ್ಮುತ್ತದೆ. ಅಜ್ಜಿಯ ಬರಹದಲ್ಲಿ ಕೆಲವು ಕಡೆ ಅಕ್ಷರ ತೆಲುಗಿನದು, ತಲೆಕಟ್ಟು ಕನ್ನಡದ್ದು. ಅತ್ತೆಯ ಪುಸ್ತಕ ನೋಡಿ ಬರೆಯುವಾಗ ಕಣ್ಣಿಗೆ ಬಿದ್ದ ಆಕಾರ ಕೈಗೆ ಬಂದಿದೆ.

ತೆಲುಗು ಲಿಪಿ ಕಂಡ ಮಾತ್ರಕ್ಕೆ ಪುಸ್ತಕವನ್ನು 1953ರ ನಂತರದ್ದೆಂದು ಹೇಳಬಾರದು. ಅದಕ್ಕೂ ಮುಂಚೆ ಆದವಾನಿಯಲ್ಲಿ ತೆಲುಗು ಓದು ಇದ್ದೇ ಇತ್ತು. ಹಾಗೆಯೇ ತೆಲುಗು ಅಕ್ಷರವನ್ನು ಕಂಡು ‘ಇದು ತೆಲುಗು ಪುಸ್ತಕ’ ಎಂದು ಪಕ್ಕಕ್ಕಿಡಬಾರದು. ಇಲ್ಲಿಯೇ ನಮ್ಮ ಸೀಮೆಯ ಪುಸ್ತಕಗಳಿಗೆ ಒದಗುವ ಅಪಾಯವಿದೆ. ಕನ್ನಡ ಮಾತ್ರ ಓದಬಲ್ಲವರಿಗೆ ಇಂಥ ಪುಟಗಳ ಅಕ್ಷರ ತಿಳಿಯದು. ತೆಲುಗು ಮಾತ್ರ ಬಲ್ಲವರು ಅಕ್ಷರ ಕೂಡಿಸಿದರೂ ಅರ್ಥ ತಿಳಿಯದು. ಎರಡರ ನಡುವೆ ಪುಸ್ತಕ ಅನಾಥವಾಗುತ್ತದೆ.

ಹಾಗಾದರೆ ಅದನ್ನು ಯಾರು ಓದಬೇಕು? ವಿದ್ಯಾರ್ಥಿ ಮಿತ್ರರೇ, ನೀವೇ ಓದಬೇಕು. ಈ ಗಡಿಯ ಕನ್ನಡ ಶಾಲೆಯಲ್ಲಿ ಕಲಿತವರಿಗೆ ಕನ್ನಡದ ಅರ್ಥವೂ ಗೊತ್ತು, ತೆಲುಗಿನ ಅಕ್ಷರವೂ ಗೊತ್ತು. ಎರಡು ಭಾಷೆಯ ಹೊರೆ ಹೊತ್ತಿದ್ದೇವೆಂದು ನಾವು ಎಷ್ಟೋ ಸಲ ಗೊಣಗಿದ್ದೇವೆ. ಆ ಪಡಸಾಲೆಯಲ್ಲಿ ಕುಳಿತಾಗ ಅದು ಹೊರೆಯಲ್ಲ, ಎರಡು ಕೀಲಿಕೈ ಎಂದು ನಮಗೆ ತಿಳಿಯಿತು.

ನಾವು ಮಾಡಬೇಕಾದದ್ದು

ರಜೆಯಲ್ಲಿ ನಿಮ್ಮ ಮನೆಯ, ನಿಮ್ಮ ಅಜ್ಜಿಯ ಊರಿನ ಮನೆಯ ಟ್ರಂಕನ್ನು ಕೇಳಿ ನೋಡಿರಿ. ಪುಸ್ತಕ ಸಿಕ್ಕರೆ ಬಿಸಿಲಿಗೆ ಒಡ್ಡಬೇಡಿ, ಅಂಟುಪಟ್ಟಿ ಹಚ್ಚಬೇಡಿ, ಅದರ ಮೇಲೆ ಪೆನ್ನಿನಿಂದ ಗುರುತು ಹಾಕಬೇಡಿ. ಒಣಗಿದ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಬೇಡವಾದ ಪುಸ್ತಕವನ್ನು ಹೊಳೆಗೆ ಬಿಡುವ ಪದ್ಧತಿ ಕೆಲವು ಮನೆಗಳಲ್ಲಿದೆ. ಬಿಡುವ ಮುನ್ನ ಒಂದು ದಿನ ಕೊಡಿರೆಂದು ಹಿರಿಯರನ್ನು ಬೇಡಿಕೊಳ್ಳಿ. ಇಂದು ಹೆಚ್ಚಿನ ಮನೆಗಳಲ್ಲಿ ಕ್ಯಾಮೆರಾ ಇರುವ ಫೋನಿದೆ. ನೆರಳು ಬೀಳದಂತೆ ಪ್ರತಿ ಪುಟವನ್ನೂ, ಬರಿಯ ಪುಟವನ್ನೂ, ರಟ್ಟನ್ನೂ ಚಿತ್ರ ತೆಗೆಯಿರಿ. ಬರೆದವರು ಯಾರು, ಯಾವ ಊರಿಂದ ಬಂದವರು ಎಂದು ಕೇಳಿ ಬರೆದುಕೊಳ್ಳಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಹಾಡಬಲ್ಲವರಿದ್ದರೆ ಪುಸ್ತಕವನ್ನು ಮುಂದಿಟ್ಟು ಹಾಡಿಸಿ ಕೇಳಿರಿ. ಅಕ್ಷರ ಬಿಟ್ಟುದನ್ನು ಕಂಠ ಹೇಳುತ್ತದೆ.

ನಾವು ಓದಿದ ಪುಸ್ತಕ ಈಗಲೂ ಆ ಮನೆಯಲ್ಲಿಯೇ ಇದೆ. ನಮ್ಮ ಪ್ರತಿಯೊಂದು ಶಾಲೆಯ ಕಪಾಟಿನಲ್ಲಿದೆ. ತೂಕಕ್ಕೆ ಹೋದ ಎರಡು ಪುಸ್ತಕಗಳಲ್ಲಿ ಏನಿತ್ತೆಂದು ಅಜ್ಜಿಯನ್ನು ಕೇಳಿದೆವು. ಅವರು ಸ್ವಲ್ಪ ಹೊತ್ತು ನೆನೆಸಿಕೊಂಡು, ನಾಲ್ಕು ಹಾಡುಗಳನ್ನು ಹಾಡಿದರು. ಉಳಿದವು ನೆನಪಿಲ್ಲವೆಂದರು. ಆ ನಾಲ್ಕನ್ನು ಬರೆದುಕೊಂಡೆವು.

ಅಭ್ಯಾಸ

1. ಶಕ 1593ರಲ್ಲಿ ಮಂತ್ರಾಲಯದ ರಾಘವೇಂದ್ರಸ್ವಾಮಿಗಳು ವೃಂದಾವನಸ್ಥರಾದರು. ಕ್ರಿಸ್ತಶಕ ಯಾವುದು? ಸಂವತ್ಸರದ ಸಂಖ್ಯೆ ಎಷ್ಟು? ಹೆಸರನ್ನು ಪಂಚಾಂಗದ ಪಟ್ಟಿಯಲ್ಲಿ ಹುಡುಕಿರಿ.

2. ಒಂದು ನುಡಿಯ ಸಾಲುಗಳು ‘ಬಲು’, ‘ನಲಿವ’, ‘ಚೆಲುವ’ ಎಂದು ಮೊದಲಾಗುತ್ತವೆ. ನಾಲ್ಕನೆಯ ಸಾಲಿನ ಮೊದಲ ಪದದಲ್ಲಿ ‘ಸ’ ಮತ್ತು ‘ಹು’ ಅಕ್ಷರಗಳ ನಡುವೆ ಒಂದು ಅಕ್ಷರ ಅಳಿಸಿದೆ. ಪದ ಯಾವುದು?

3. ನಿಮ್ಮ ಮನೆಯ ಹಿರಿಯರಿಂದ ಒಂದು ಹಾಡನ್ನು ಕೇಳಿ, ಅವರು ಉಚ್ಚರಿಸಿದಂತೆಯೇ ಬರೆಯಿರಿ. ಒಂದಕ್ಷರವನ್ನೂ ತಿದ್ದಬೇಡಿ.